ಅಳತೆ ಗೆರೆ ಆರಿಸಿದ ತಂಡ

ಮಾನ್ಯ ಪ್ರಾಂಶುಪಾಲರೇ,

ಕ್ರೀಡಾ ಸಮಿತಿಯ ಅಧ್ಯಕ್ಷರೂ ತಾವೇ ಆದ್ದರಿಂದ ಒಂದೇ ಪತ್ರಕ್ಕೆ ಇಬ್ಬರು ಓದುಗರು ಸಿಕ್ಕಂತಾಯಿತು. ಇಬ್ಬರಲ್ಲಿ ಒಬ್ಬರಾದರೂ ಪೂರ್ತಿ ಓದುತ್ತಾರೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಈ ವರ್ಷದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡವೆಂದು ತಾವು ನೋಟಿಸ್ ಬೋರ್ಡಿಗೆ ಹಾಕಿಸಿರುವ ಹನ್ನೆರಡು ಹೆಸರುಗಳ ಹಾಳೆಯನ್ನು ಓದಿದೆ. ಓದಿ ಹೇಸಿಗೆಯಾಯಿತು. ಇದಕ್ಕಿಂತ ಮೆತ್ತಗಿನ ಮಾತು ಹುಡುಕಿದೆ, ಸಿಗಲಿಲ್ಲ. ಆ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಈವರೆಗೆ ಚೆಂಡು ಹಿಡಿದವರೇ ಅಲ್ಲ. ಕಳೆದ ವರ್ಷ ಹನ್ನೊಂದು ಪಂದ್ಯಗಳಲ್ಲಿ ಏಳನ್ನು ಗೆಲ್ಲಿಸಿಕೊಟ್ಟ ಹುಡುಗಿ, ಇಡೀ ಕಾಲೇಜು ಬುಗುರಿ ಎಂದು ಕರೆಯುವ ಹುಡುಗಿ, ಅದರಲ್ಲಿಲ್ಲ. ಯಾಕಿಲ್ಲ ಎಂಬುದನ್ನೂ ತಾವೇ ಹಾಳೆಯ ತಳದಲ್ಲಿ ಅಚ್ಚು ಹಾಕಿಸಿದ್ದೀರಿ: "ಆರೋಗ್ಯ ತಪಾಸಣಾ ವಹಿಯ ಪ್ರಕಾರ ಐದು ಅಡಿ ಐದು ಇಂಚಿಗಿಂತ ಕಡಿಮೆ ಎತ್ತರವಿರುವವರನ್ನು ಪರಿಗಣಿಸಿರುವುದಿಲ್ಲ." ಬುಗುರಿ ಐದಡಿ. ಅವಳಿಗಿದು ಕಾಲೇಜಿನ ಕೊನೆಯ ವರ್ಷ. ಬರುವ ಶನಿವಾರ ಮಧ್ಯಾಹ್ನ ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಹೋದ ಮೇಲೆ ತಿದ್ದುವಂತಿಲ್ಲ. ಅಂದರೆ ಶನಿವಾರ ಮಧ್ಯಾಹ್ನಕ್ಕೆ ಆ ಹುಡುಗಿಯ ಆಟ ಮುಗಿಯಿತು.

ನಾನು ಯಾರೆಂದು ಹೇಳಿಬಿಡುತ್ತೇನೆ. ನಾನು ಟೈಲ್ಸ್ ಕೆಲಸದವನು. ತಮ್ಮದೇ ಕಾಲೇಜಿನಲ್ಲಿ ಎರಡು ವರ್ಷ ಬಿ.ಎ. ಓದಿ, ಮೂರನೆಯ ವರ್ಷ ಅಪ್ಪನ ಗಾರೆ ಬಳಿಯುವ ಕರಣೆ ನನ್ನ ಕೈಗೆ ಬಂದಿದ್ದರಿಂದ ಬಿಟ್ಟವನು. ಓದು ಬಿಟ್ಟರೂ ಪತ್ರಿಕೆಯವರಿಗೆ ಪತ್ರ ಬರೆಯುವ ಚಟ ಬಿಡಲಿಲ್ಲ. ಚರಂಡಿ, ಬಸ್ ನಿಲ್ದಾಣ, ಬೀದಿ ದೀಪ ಎಂದು ಬರೆದೂ ಬರೆದೂ, "ನಿಮ್ಮ ಕಾಗದ ಓದಿ ಇವತ್ತಿನವರೆಗೆ ಒಂದು ಬಲ್ಬಾದ್ರೂ ಹೊತ್ಕೊಂಡಿದ್ಯಾ?" ಎಂದು ಹೆಂಡತಿಯಿಂದ ಕೇಳಿಸಿಕೊಂಡವನು. ಇನ್ನೊಂದು ಪರಿಚಯವೂ ಇದೆ. ಮುಚ್ಚಿಟ್ಟರೆ ನಾಳೆ ತಾವೇ ಎತ್ತಿ ಆಡುತ್ತೀರಿ, ಅದಕ್ಕೇ ಮೊದಲೇ ಹೇಳುತ್ತೇನೆ. ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ನನ್ನ ಮಗಳದು. ಮೊದಲನೆಯ ವರ್ಷದವಳು. ಮಗಳಿಗೆ ಜಾಗ ಸಿಗಲಿಲ್ಲವೆಂದು ಹೊಟ್ಟೆ ಉರಿಸಿಕೊಂಡ ತಂದೆಯರ ಪತ್ರಗಳು ತಮಗೆ ಬೇಕಾದಷ್ಟು ಬಂದಿರಬಹುದು. ಜಾಗ ಸಿಕ್ಕಿತೆಂದು ತಲೆ ತಗ್ಗಿಸಿದ ತಂದೆಯ ಪತ್ರ ಇದೇ ಮೊದಲಿರಬೇಕು.

ಟೈಲ್ಸ್ ಹಾಕುವವನಿಗೆ ಬಾಸ್ಕೆಟ್‌ಬಾಲ್ ಗೊಡವೆ ಯಾಕೆ? ಹೇಳುತ್ತೇನೆ. ಕಳೆದ ವರ್ಷ ಪಂದ್ಯಗಳು ಶುರುವಾಗುವ ಹೊತ್ತಿಗೇ ತಮ್ಮ ಕಾಲೇಜಿನ ಕೆಳ ಮಹಡಿಯ ಶೌಚಾಲಯಗಳು, ಮೊಗಸಾಲೆ ಮತ್ತು ಆರೋಗ್ಯ ಕೊಠಡಿಯ ನೆಲದ ಕೆಲಸ ನನಗೆ ಬಂತು. ಮೂರು ವಾರ ಹಿಡಿಯಿತು. ಆರೋಗ್ಯ ಕೊಠಡಿಯ ಕಿಟಕಿ ಆಟದ ಅಂಕಣದ ಕಡೆಗೆ ತೆರೆಯುತ್ತದೆ. ಊಟದ ಡಬ್ಬಿ ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಕೂತರೆ ಎದುರಿಗೇ ಅಭ್ಯಾಸ. ಆಗ ಪಿ.ಟಿ. ಮೇಡಂ ಇನ್ನೂ ನಿವೃತ್ತರಾಗಿರಲಿಲ್ಲ. ಅವರಿಗೆ ಕೂರಲು ಕುರ್ಚಿ ಕೊಡುವಷ್ಟು ಶ್ರೀಮಂತಿಕೆ ಕಾಲೇಜಿಗೆ ಇರಲಿಲ್ಲವಾದ್ದರಿಂದ ನನ್ನ ಸಿಮೆಂಟಿನ ಬಕೆಟ್ಟನ್ನೇ ಬೋರಲು ಹಾಕಿಕೊಂಡು ಕೂರುತ್ತಿದ್ದರು. ಕೈಯಲ್ಲಿ ಒಂದು ಚೀಟಿ, ಒಂದು ಗಿಡ್ಡ ಪೆನ್ಸಿಲ್. ಒಂದು ದಿನ ಕುತೂಹಲ ತಡೆಯದೆ ಕೇಳಿದೆ.

"ಮೇಡಂ, ಈ ಆಟಕ್ಕೆ ಉದ್ದ ಇರೋರು ಬೇಕು ಅಂತಾರಲ್ಲ? ನೀವು ಆ ಕುಳ್ಳಿ ಹುಡುಗೀನೇ ನೋಡ್ತಾ ಕೂತಿದ್ದೀರಿ?"

"ಉದ್ದ ಅವರಪ್ಪ ಅಮ್ಮ ಕೊಟ್ಟಿದ್ದು ಕಣಯ್ಯಾ. ಅದಕ್ಕೆ ನಾನ್ಯಾಕೆ ಮಾರ್ಕ್ಸ್ ಕೊಡ್ಲಿ?"

"ಮತ್ತೆ ಏನು ನೋಡ್ತೀರಿ?"

"ಬಾಲ್ ಕೈಲಿದ್ದಾಗ ಎಲ್ಲರೂ ಚೆನ್ನಾಗೇ ಓಡ್ತಾರೆ. ಬಾಲ್ ಕಳ್ಕೊಂಡ ಮೇಲೆ ಯಾರು ವಾಪಸ್ ಓಡ್ತಾರೆ, ಅವರ ಹೆಸರು ಬರ್ಕೋತೀನಿ."

ಅಷ್ಟೇ ಅವರ ಪರೀಕ್ಷೆ. ಹದಿನೆಂಟು ವರ್ಷ ಅದೊಂದೇ ಪರೀಕ್ಷೆ ನಡೆಸಿ ತಂಡ ಕಟ್ಟಿದರು. ಅಂದಿನಿಂದ ನಾನೂ ಅದನ್ನೇ ನೋಡತೊಡಗಿದೆ. ಬುಗುರಿ ಚೆಂಡು ಕಳೆದುಕೊಂಡರೆ ಅಯ್ಯೋ ಎನ್ನುತ್ತಾ ಸೊಂಟಕ್ಕೆ ಕೈಕೊಟ್ಟು ನಿಂತದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಕಳೆದ ಮರುಕ್ಷಣವೇ ಹಿಂದಕ್ಕೆ ಓಡುತ್ತಿದ್ದಳು, ಚೆಂಡು ಹಿಡಿದವಳಿಗಿಂತ ಮೊದಲೇ ತನ್ನ ಬುಟ್ಟಿಯ ಕೆಳಗೆ ಹೋಗಿ ನಿಂತಿರುತ್ತಿದ್ದಳು. ತನಗಿಂತ ಒಂದು ಅಡಿ ಉದ್ದದವರ ಕಂಕುಳ ಕೆಳಗೆ ತಿರುಗಿ, ಯಾರಿಗೆ ಚೆಂಡು ಕೊಡಬೇಕೋ ಅವರಿಗೆ, ಅವರು ಕೈ ಚಾಚುವ ಮುಂಚೆಯೇ ಕೊಡುತ್ತಿದ್ದಳು. ನನ್ನ ಕೆಲಸ ಮುಗಿದರೂ ನನ್ನ ಕಾಲು ಅತ್ತಲೇ ಎಳೆಯತೊಡಗಿತು. ಕಳೆದ ವರ್ಷ ಇಲ್ಲಿ ನಡೆದ ಆರೂ ಪಂದ್ಯಗಳಿಗೆ ಬಂದಿದ್ದೇನೆ. ತಮ್ಮನ್ನು ಒಂದರಲ್ಲೂ ನೋಡಿದ ನೆನಪಿಲ್ಲ. ಬಹುಮಾನದ ಫೋಟೋದಲ್ಲಿ ಮಾತ್ರ ತಾವು ನಡುವೆ ಇದ್ದಿರಿ, ಬುಗುರಿಯ ತಲೆಯ ಮೇಲೆ ಕೈ ಇಟ್ಟುಕೊಂಡು. ಆ ದಿನ ಅವಳ ಎತ್ತರ ತಮಗೆ ಸರಿಯಾಗಿ ಕೈಗೆಟುಕುವಂತಿತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮೇಡಂ ನಿವೃತ್ತರಾದರು. ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ತಂಡ ಆರಿಸುವ ಹೊಣೆ ಸಮಿತಿಯ ಮೇಲೆ ಬಿತ್ತು. ಸಮಿತಿಯಲ್ಲಿ ತಾವು, ಕಚೇರಿಯ ಸೂಪರಿಂಟೆಂಡೆಂಟರು ಮತ್ತು ಗ್ರಂಥಪಾಲಕರು. ಮೂವರಲ್ಲಿ ಒಬ್ಬರೂ ಅಂಕಣಕ್ಕೆ ಇಳಿಯಲಿಲ್ಲ. ಬಿಸಿಲೋ, ಧೂಳೋ, ಅಥವಾ ಮೆಟ್ಟಿಲು ಜಾಸ್ತಿಯೋ, ನನಗೆ ಗೊತ್ತಿಲ್ಲ. ಬದಲಿಗೆ ಬೀರುವಿನಿಂದ ಆರೋಗ್ಯ ತಪಾಸಣಾ ವಹಿಯನ್ನು ತೆಗೆಸಿ ಮೇಜಿನ ಮೇಲೆ ಇಟ್ಟುಕೊಂಡು, ಎತ್ತರದ ಕಾಲಂನಲ್ಲಿ ಬೆರಳಾಡಿಸಿ, ಐದಡಿ ಐದಿಂಚು ದಾಟಿದವರ ಹೆಸರುಗಳನ್ನು ಇಳಿಸಿಕೊಂಡಿರಿ. ಹತ್ತು ನಿಮಿಷದ ಕೆಲಸ. ನೋಟಿಸಿನಲ್ಲಿ ಅದಕ್ಕೆ "ವಸ್ತುನಿಷ್ಠ ಹಾಗೂ ಪಾರದರ್ಶಕ ಆಯ್ಕೆ" ಎಂದು ಹೆಸರಿಟ್ಟಿದ್ದೀರಿ. ಪ್ರತಿ ಹೆಸರಿನ ಮುಂದೆ ಎತ್ತರವನ್ನೂ ನಮೂದಿಸಿದ್ದೀರಿ. ಇದೊಂದಕ್ಕೆ ನಾನು ಋಣಿ, ಇಲ್ಲದಿದ್ದರೆ ತಮ್ಮ ವಸ್ತುನಿಷ್ಠತೆಯ ತಳ ನನಗೆ ಕಾಣುತ್ತಲೇ ಇರಲಿಲ್ಲ.

ಆ ವಹಿಗೆ ಎತ್ತರ ಎಲ್ಲಿಂದ ಬರುತ್ತದೆ? ಆರೋಗ್ಯ ಕೊಠಡಿಯಿಂದ. ಕಾಲೇಜಿಗೆ ಸೇರುವ ಪ್ರತಿ ವಿದ್ಯಾರ್ಥಿಯನ್ನೂ ನರ್ಸಮ್ಮ ಅಲ್ಲಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತಾರೆ. ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಅಡಿ ಇಂಚುಗಳ ಗೆರೆ ಬರೆದಿದೆ. ತಲೆ ಮುಟ್ಟಿದ ಗೆರೆಯನ್ನು ವಹಿಗೆ ಬರೆದುಕೊಳ್ಳುತ್ತಾರೆ. ಒಬ್ಬರನ್ನು ಸೇರುವಾಗ ಒಮ್ಮೆ ಅಳೆದರೆ ಮುಗಿಯಿತು, ಮತ್ತೆ ಅಳೆಯುವುದಿಲ್ಲ. ಆ ಕೋಣೆಯ ಹಳೆಯ ಸಿಮೆಂಟ್ ನೆಲಕ್ಕೆ ತೇವ ಏರುತ್ತಿತ್ತು. ಅಗೆದು ತೆಗೆಯುವುದು ಬೇಡ, ಮೇಲೆಯೇ ಹಾಕು ಎಂದು ಕಚೇರಿಯವರೇ ಹೇಳಿದರು. ಹಳೆಯ ನೆಲದ ಮೇಲೆ ಗಾರೆ ಹಾಸಿ, ಅದರ ಮೇಲೆ ಟೈಲ್ಸ್ ಕೂರಿಸಿದೆ. ಎಲ್ಲ ಸೇರಿ ನೆಲ ಎರಡು ಇಂಚು ಮೇಲೆ ಬಂತು. ಬಾಗಿಲು ತೆಗೆಯಲಾಗದೆ ಬಡಗಿಯನ್ನು ಕರೆಸಿ ಅದರ ತಳ ಕೊಯ್ಯಿಸಬೇಕಾಯಿತು. ಗೋಡೆಯ ಮೇಲಿನ ಗೆರೆ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು.

ಅರ್ಥವಾಯಿತೇ, ಮಾನ್ಯರೇ? ನನ್ನ ನೆಲದ ಮೇಲೆ ನಿಂತವರೆಲ್ಲ ವಹಿಯಲ್ಲಿ ಎರಡು ಇಂಚು ಬೆಳೆದಿದ್ದಾರೆ. ಈ ವರ್ಷ ಸೇರಿದವರು ಮಾತ್ರ ಆ ನೆಲದ ಮೇಲೆ ನಿಂತವರು. ಎರಡನೆಯ, ಮೂರನೆಯ ವರ್ಷದವರು ಹಳೆಯ ನೆಲದ ಮೇಲೆ ನಿಂತು ಅಳೆಸಿಕೊಂಡವರು, ಅವರ ಎತ್ತರ ಅವರದೇ. ಈ ಸಲ ಕಾಲೇಜಿಗೆ ಸೇರಿದ್ದು "ನಮ್ಮ ಇತಿಹಾಸದಲ್ಲೇ ಅತಿ ಎತ್ತರದ ಬ್ಯಾಚ್" ಎಂದು ತಾವು ಸ್ವಾಗತ ಸಮಾರಂಭದಲ್ಲಿ ಹೆಮ್ಮೆಪಟ್ಟಿರಂತೆ. ಮಗಳು ಮನೆಗೆ ಬಂದು ಹೇಳಿದಾಗ ನಾನೂ ನಕ್ಕಿದ್ದೆ, ಈಗಿನ ಮಕ್ಕಳು ಚೆನ್ನಾಗಿ ಉಂಡು ಬೆಳೆಯುತ್ತಾರೆ ಅಂದುಕೊಂಡು. ಅವರು ಬೆಳೆದದ್ದು ಊಟದಿಂದಲ್ಲ, ನನ್ನ ಗಾರೆಯಿಂದ ಎಂದು ಆಗ ತಲೆಗೆ ಹೊಳೆಯಲಿಲ್ಲ.

ನನ್ನ ತಪ್ಪನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಕೆಲಸ ಮುಗಿದ ದಿನ ಸೂಪರಿಂಟೆಂಡೆಂಟರನ್ನು ಕರೆದು ತೋರಿಸಿದ್ದೆ. "ಸಾರ್, ನೆಲ ಎರಡಿಂಚು ಎದ್ದಿದೆ, ಆ ಗೆರೇನೂ ಎರಡಿಂಚು ಮೇಲಕ್ಕೆ ಬರೆಸ್ಬೇಕು." ಅವರು ಗೋಡೆಯತ್ತ ಕಣ್ಣೂ ಹಾಯಿಸಲಿಲ್ಲ. "ನಿನ್ನ ಕೆಲಸ ನೆಲ. ಗೋಡೆ ಪೇಂಟರ್ ಕೆಲಸ. ಅದಕ್ಕೆ ಬೇರೆ ಫೈಲ್ ಆಗ್ಬೇಕು." ನನ್ನ ಬಳಿ ಬ್ರಶ್ಶಿತ್ತು, ಕಪ್ಪು ಬಣ್ಣದ ಅರ್ಧ ಡಬ್ಬಿಯೂ ಇತ್ತು. ಒಂದು ಗಂಟೆಯ ಕೆಲಸ. ಹೇಳಿದ್ದೇನಲ್ಲ, ಇನ್ನು ಅವರುಂಟು ಅವರ ಗೋಡೆಯುಂಟು ಎಂದು ಕೈ ತೊಳೆದುಕೊಂಡು ಮನೆಗೆ ಹೋದೆ. ಆ ಒಂದು ಗಂಟೆ ಈಗ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ತಮ್ಮ ಕಚೇರಿಯ ಗಂಟಲಲ್ಲಿ ಏನೂ ಸಿಕ್ಕಿಕೊಂಡಂತೆ ಕಾಣುವುದಿಲ್ಲ.

ತಂಡದ ಈ ಸಲದ ಭವಿಷ್ಯ ಹೇಗಿದೆ ಎಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹನ್ನೆರಡರಲ್ಲಿ ಹಳಬರು ಇಬ್ಬರೇ. ಒಬ್ಬಳು ಉದ್ದಕ್ಕ, ನಿಜವಾಗಿಯೂ ಐದಡಿ ಒಂಬತ್ತಿಂಚು. ಬುಟ್ಟಿಯ ಕೆಳಗೆ ಅವಳಷ್ಟು ಗಟ್ಟಿ ಯಾರೂ ಇಲ್ಲ, ಆದರೆ ಚೆಂಡು ಅವಳ ತನಕ ಬರಬೇಕು. ತಂದುಕೊಡುತ್ತಿದ್ದವಳನ್ನು ತಾವು ಮನೆಗೆ ಕಳಿಸಿದ್ದೀರಿ. ಇನ್ನೊಬ್ಬಳು ಎಡಚಿ, ದೂರದಿಂದ ಎಸೆಯುವುದರಲ್ಲಿ ಗಟ್ಟಿಗಿತ್ತಿ, ಓಡುವುದರಲ್ಲಿ ಸೋಮಾರಿ. ಉಳಿದ ಹತ್ತೂ ಮಂದಿ ಈ ವರ್ಷ ಸೇರಿದವರು, ಅವರ ಮುಂದೆ ಬರೆದ ಎತ್ತರದಲ್ಲಿ ಎರಡೆರಡು ಇಂಚು ಕಳೆದು ನೋಡಿದೆ. ಏಳು ಮಂದಿ ತಾವೇ ಎಳೆದ ಗೆರೆಯ ಕೆಳಗೆ ಹೋದರು! ತಮ್ಮ ತಲೆಬುಡವಿಲ್ಲದ ನಿಯಮವನ್ನೇ ನೆಟ್ಟಗೆ ಪಾಲಿಸಿದ್ದರೂ ತಮಗೆ ದಕ್ಕುತ್ತಿದ್ದುದು ಐವರು. ಹೊಸಬರಲ್ಲಿ ಒಬ್ಬಳು ಕನ್ನಡಕ ತೆಗೆದರೆ ಬುಟ್ಟಿ ಎಲ್ಲಿದೆಯೆಂದು ಪಕ್ಕದವಳನ್ನು ಕೇಳುತ್ತಾಳೆ, ಹಾಕಿದರೆ ಒಡೆಯುತ್ತದೆಂದು ಹೆದರುತ್ತಾಳೆ. ಒಬ್ಬಳು ಒಳ್ಳೆಯ ಈಜುಗಾರ್ತಿ, ನೀರಿನಲ್ಲಿ. ಒಬ್ಬಳಿಗೆ ಅಭ್ಯಾಸದ ನೆಪದಲ್ಲಿ ಕೊನೆಯ ಪೀರಿಯಡ್ ತಪ್ಪುತ್ತದೆಂಬುದೇ ಆಟದ ಸೊಗಸು, ಅವಳ ಜಾಣತನಕ್ಕೆ ನನ್ನ ಮೆಚ್ಚುಗೆಯಿದೆ. ಪಾಪ, ಈ ಮಕ್ಕಳು ಯಾರೂ ಹೋಗಿ ಜಾಗ ಕೇಳಿದವರಲ್ಲ. ಮೊದಲ ಪಂದ್ಯ ಆ ಹೊಳೆಯಾಚೆಯ ದೊಡ್ಡ ಕಾಲೇಜಿನ ಮೇಲೆ. ಅವರು ದಿನಕ್ಕೆರಡು ಹೊತ್ತು ಆಡುವವರು. ಈ ಹತ್ತು ಹುಡುಗಿಯರನ್ನು ಅವರ ಎದುರು, ಊರವರ ಎದುರು ನಿಲ್ಲಿಸಿ ನಗೆಪಾಟಲು ಮಾಡುವ ಹಕ್ಕು ತಮಗೆ ಕೊಟ್ಟವರು ಯಾರು?

ಇನ್ನು ನನ್ನ ಮನೆಯ ಕಥೆ. ಪಟ್ಟಿ ಬಂದ ದಿನ ಮಗಳು ಚಪ್ಪಲಿಯನ್ನೂ ಬಿಚ್ಚದೆ ಒಳಗೆ ಓಡಿ ಬಂದಳು.

"ಅಮ್ಮಾ, ಅಪ್ಪಾ, ನಾನು ಟೀಮಿಗೆ ಸೆಲೆಕ್ಟ್ ಆದೆ!"

"ಯಾವ ಟೀಮು?" ಎಂದೆ.

"ಬಾಸ್ಕೆಟ್‌ಬಾಲ್!"

"ನೀನು ಯಾವತ್ತು ಆಡಿ ತೋರಿಸ್ದೆ?"

"ಆಡಿಲ್ಲಪ್ಪ. ಸುಮ್ನೆ ಹೆಸರು ಬಂದಿದೆ."

ನನ್ನ ಹೆಂಡತಿ ಅವಳ ಬಾಯಿಗೆ ಸಕ್ಕರೆ ಹಾಕಿದಳು. ಮಗಳ ಮುಖ ನೋಡಿ ನಾನು ಬಾಯಿ ಮುಚ್ಚಿಕೊಂಡೆ. ಅವಳು ಸದ್ದಿಲ್ಲದ ಹುಡುಗಿ. ಶಾಲೆಯ ಹನ್ನೆರಡು ವರ್ಷಗಳಲ್ಲಿ ನಾಟಕಕ್ಕೆ, ಹಾಡಿಗೆ, ಓಟಕ್ಕೆ, ಯಾವುದಕ್ಕೂ ಯಾರೂ ಅವಳನ್ನು ಕರೆದದ್ದಿಲ್ಲ. ಆ ದಿನ ನೆರೆಮನೆಯವರಿಗೆಲ್ಲ ತಾನೇ ಹೋಗಿ ಹೇಳಿ ಬಂದಳು. ಮರುದಿನ ನೋಟಿಸ್ ಬೋರ್ಡಿನ ಎದುರು ನಿಂತು ಅವಳ ಹೆಸರಿನ ಮುಂದೆ ಐದಡಿ ಐದೂವರೆ ಇಂಚು ಎಂದಿರುವುದನ್ನು ಓದಿದೆ, ಮತ್ತೊಮ್ಮೆ ಓದಿದೆ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪ್ರತಿ ವರ್ಷ ಅವಳನ್ನು ಅಳೆಯುವವನು ನಾನು. ಅವಳು ಐದಡಿ ಮೂರೂವರೆ.

ಒಂದು ವಾರ ಸುಮ್ಮನಿದ್ದೆ. ಹೇಡಿತನ ಎನ್ನಿ, ಒಪ್ಪುತ್ತೇನೆ. ಆಮೇಲೆ ಅವಳು ಜರ್ಸಿ ತಂದಳು. ಏಳನೆಯ ನಂಬರು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಬೇಕಾದದ್ದಕ್ಕಿಂತ ಕೆಳಗೆ ಇಳಿಬಿದ್ದಿತ್ತು. ಕೆಳಗಿನ ಅಂಚಿಗೆ ಬೇರೆ ನೀಲಿಯ ಒಂದು ಪಟ್ಟಿ ಕೂಡಿಸಿ ಹೊಲಿದಿತ್ತು. ಏಳನೆಯ ನಂಬರನ್ನು ನಾನು ಎಲ್ಲಿ ಕಂಡರೂ ಗುರುತಿಸಬಲ್ಲೆ. ಅದು ಬುಗುರಿಯ ಜರ್ಸಿ. ಕಾಲೇಜಿನ ಹಿಂದಿನ ಗೇಟಿನ ಎದುರಿಗೆ ಒಂದೇ ಮೆಶೀನಿಟ್ಟುಕೊಂಡು ಹೊಲಿಯುವ ಹೆಂಗಸು ಆ ಹುಡುಗಿಯ ತಾಯಿ. ಕಚೇರಿಯವರು ಹಳೆಯ ಜರ್ಸಿಗಳ ಗಂಟನ್ನು ಅವರಿಗೇ ಕಳಿಸಿದ್ದಾರೆ, ಹೊಸಬರ ಅಳತೆಯ ಚೀಟಿಯೊಂದಿಗೆ. ಹೆತ್ತ ಮಗಳ ಜರ್ಸಿಯನ್ನೇ ಬಿಚ್ಚಿ, ಬೇರೊಬ್ಬಳಿಗಾಗಿ ಉದ್ದ ಮಾಡಿ ಹೊಲಿದುಕೊಟ್ಟಿದ್ದಾರೆ ಆ ತಾಯಿ. ಇದನ್ನು ಯೋಚಿಸಿ ಮಾಡಿದ ಕ್ರೌರ್ಯ ಎನ್ನಲಾರೆ. ಯೋಚನೆ ಮಾಡಿದ್ದರೆ ತಾನೇ?

ಮರುದಿನ ಅಂಗಡಿಗೆ ಹೋಗಿ, ಏನು ಹೇಳಬೇಕೋ ತಿಳಿಯದೆ, ಜರ್ಸಿ ಎರಡಿಂಚು ಉದ್ದವಾಗಿದೆ ಎಂದೆ.

"ಚೀಟೀಲಿ ಬರ್ದಿದ್ದ ಅಳತೆಗೆ ಹೊಲ್ದಿದ್ದೀನಿ ಅಣ್ಣಾ. ಮಗೂನ ಕಳ್ಸಿ, ಮೈಗಿಟ್ಟು ನೋಡ್ತೀನಿ ಅಂದೆ. ಬೇಡ, ರಿಜಿಸ್ಟರ್ ಅಳತೆ ಸರಿಯಾಗೇ ಇರುತ್ತೆ ಅಂದ್ರು. ಮೈ ನೋಡ್ದೆ ಹೊಲಿ ಅಂದ್ರೆ ಹೀಗೇ ಆಗೋದು."

"ಇದು ನಿಮ್ಮ ಮಗಳ ಜರ್ಸಿ ಅಲ್ವೇನಮ್ಮಾ?"

ಆಕೆ ದಾರ ಕಡಿದು, ಸೂಜಿಯ ಕಣ್ಣನ್ನೇ ನೋಡುತ್ತಾ ಹೇಳಿದರು. "ಹೌದು. ಇದು ಗಂಟಲ್ಲಿರ್ಲಿಲ್ಲ, ಅವಳ ಹತ್ರಾನೇ ಇತ್ತು, ಅವಳೇ ತಂದು ಕೊಟ್ಟಿದ್ದು. ಚೆನ್ನಾಗಿ ಹೊಲ್ದು ಕೊಡಮ್ಮಾ, ಪಾಪ ಹೊಸಬರು ಅಂದ್ಳು."

ಅಲ್ಲಿಂದ ನೇರವಾಗಿ ತಮ್ಮ ಕಚೇರಿಗೆ ಬಂದೆ, ನೆನಪಿರಬಹುದು. ಕಳೆದ ವರ್ಷ ನನ್ನನ್ನು ನೀನು ಎನ್ನುತ್ತಿದ್ದ ಸೂಪರಿಂಟೆಂಡೆಂಟರು ಈ ಸಲ ತಂಡದ ಹುಡುಗಿಯ ತಂದೆಯೆಂದು ತಿಳಿದು ನೀವು ಎಂದರು, ಕುರ್ಚಿಯನ್ನೂ ತೋರಿಸಿದರು. ವಿಷಯ ಹೇಳಿದ ಕೂಡಲೇ ಕುರ್ಚಿಯೂ ಹೋಯಿತು, ನೀವೂ ಹೋಯಿತು. "ರಿಜಿಸ್ಟರಿಗೆ ನರ್ಸ್ ಸಹಿ ಇದೆ, ನನ್ನ ಸಹಿ ಇದೆ. ನಿನ್ನ ಟೇಪಿಗೆ ಯಾರ ಸಹಿ ಇದೆ?" ಎಂದರು. ಬನ್ನಿ, ಐದು ನಿಮಿಷ, ಕೋಣೆಗೆ ಹೋಗಿ ನೆಲದಿಂದ ಗೆರೆಯವರೆಗೆ ಟೇಪು ಹಿಡಿದು ತೋರಿಸುತ್ತೇನೆ ಎಂದೆ. ಕೋಣೆಯ ಬೀಗದ ಕೈ ನರ್ಸಮ್ಮನ ಬಳಿ ಇದೆ, ಅವರು ಬರುವುದು ಮಂಗಳವಾರ ಎಂದರು. ಮಂಗಳವಾರ ಬಂದರೆ ನರ್ಸಮ್ಮ ರಜೆ. ಕೊನೆಗೆ ತಮ್ಮ ಕೋಣೆಯಲ್ಲಿ ನನಗೆ ಮೂರು ನಿಮಿಷ ಸಿಕ್ಕಿತು. ತಾವು ತಲೆಯೆತ್ತದೆ ಸಹಿ ಹಾಕುತ್ತಾ ಕೇಳಿದಿರಿ: "ನಿಮ್ಮ ಮಗಳ ಹೆಸರೇ ಇದೆಯಲ್ರೀ. ಇನ್ನೇನ್ರೀ ನಿಮ್ಮ ತಕರಾರು?"

ಈ ಪತ್ರ ಹುಟ್ಟಿದ್ದು ಆ ಒಂದು ಪ್ರಶ್ನೆಯಿಂದ, ಮಾನ್ಯರೇ. ಗೆರೆ ತಪ್ಪಾದದ್ದನ್ನು ಕ್ಷಮಿಸಬಹುದು, ಅದರಲ್ಲಿ ನನ್ನ ಪಾಲೂ ಇದೆ. ಆದರೆ ತನ್ನ ಮಗಳ ತಟ್ಟೆಗೆ ಬಿದ್ದ ಮೇಲೆ ಪಕ್ಕದ ಮಗುವಿನ ತಟ್ಟೆ ಖಾಲಿಯಿದ್ದರೆ ಯಾವ ತಂದೆಗೂ ಏನೂ ಅನ್ನಿಸುವುದಿಲ್ಲ ಎಂದು ತಾವು ಅಷ್ಟು ನೆಮ್ಮದಿಯಿಂದ ನಂಬಿದ್ದೀರಲ್ಲ, ಅದನ್ನು ಕ್ಷಮಿಸಲಾರೆ. ಥೂ ಎನ್ನಿಸಿತು. ಇಂಥ ನಂಬಿಕೆಯಿಟ್ಟುಕೊಂಡು ಒಂದು ಸಾವಿರ ಮಕ್ಕಳಿಗೆ ಏನು ಕಲಿಸುತ್ತಿದ್ದೀರಿ? ನಿನ್ನ ಹೆಸರಿದ್ದರೆ ಸುಮ್ಮನಿರು ಎಂಬುದನ್ನೇ? ಅದಕ್ಕೆ ಕಾಲೇಜು ಯಾಕೆ, ಬೀದಿಯಲ್ಲೇ ಕಲಿಯುತ್ತಾರಲ್ಲ.

ತಮ್ಮ ಕೋಣೆಯಿಂದ ಹೊರಬಂದವನು ಅಂಕಣದ ಕಡೆಗೆ ನಡೆದೆ. ಅಭ್ಯಾಸ ನಡೆಯುತ್ತಿತ್ತು. ತಾವು ತರಬೇತಿಗೆ ನೇಮಿಸಿರುವ ಗ್ರಂಥಪಾಲಕರು ನೆರಳಿನಲ್ಲಿ ಪತ್ರಿಕೆ ಓದುತ್ತಿದ್ದರು. ಆ ಹತ್ತು ಹುಡುಗಿಯರ ನಡುವೆ ನಿಂತು ಕಲಿಸುತ್ತಿದ್ದವಳು ಯಾರು ಗೊತ್ತೇ? ಬುಗುರಿ. ದಿನವೂ ಬರುತ್ತಾಳಂತೆ. ಕಾಲೇಜಿನ ಬಟ್ಟೆಯಲ್ಲೇ, ಬರಿಗಾಲಲ್ಲಿ. ಕನ್ನಡಕದ ಹುಡುಗಿಗೆ ಕನ್ನಡಕದ ಹಿಂದೆ ಎಲಾಸ್ಟಿಕ್ ಕಟ್ಟಿಕೊಟ್ಟಿದ್ದಳು. ನನ್ನ ಮಗಳಿಗೆ ಚೆಂಡು ಹಿಡಿಯುವುದನ್ನು ಹೇಳಿಕೊಡುತ್ತಿದ್ದಳು. "ಕಣ್ಣು ಮುಚ್ಚಬೇಡ ಕಣೇ. ಬಾಲ್ ನಿನ್ನ ಹೊಡಿಯೋಕೆ ಬರ್ತಿಲ್ಲ, ನಿನ್ನ ಹತ್ರ ಬರ್ತಿದೆ." ಗ್ರಂಥಪಾಲಕರನ್ನು ಕೇಳಿದೆ. "ಏನೋ ಪಾಪ, ಹುಡುಗಿ ಉಪಯೋಗಕ್ಕೆ ಬರ್ತಾಳೆ" ಎಂದರು. ಕೇಳಿದಿರಾ? ಆಡಲು ಕುಳ್ಳಿ, ಕಲಿಸಲು ಮಾತ್ರ ಸಾಕಷ್ಟು ಎತ್ತರ! ಸಮಿತಿಗೆ ನಾಚಿಕೆ ಎಂಬುದು ಇದ್ದಿದ್ದರೆ ಅಂದೇ ಆ ಹಾಳೆಯನ್ನು ಕಿತ್ತು ಹಾಕುತ್ತಿತ್ತು.

ಅಭ್ಯಾಸ ಮುಗಿದ ಮೇಲೆ ಅವಳನ್ನು ಮಾತಾಡಿಸಿದೆ. ಯಾಕಮ್ಮಾ ಬರ್ತೀಯಾ, ನಿನಗೇನು ಸಿಗುತ್ತೆ ಎಂದೆ. ಬೆವರು ಒರೆಸಿಕೊಳ್ಳುತ್ತಾ ನಕ್ಕಳು. "ಮನೇಲಿ ಕೂತ್ರೆ ಅಳು ಬರುತ್ತೆ ಅಂಕಲ್. ಇಲ್ಲಿದ್ರೆ ಬರಲ್ಲ." ಚೆಂಡನ್ನು ಕೈಯಲ್ಲೇ ತಿರುಗಿಸುತ್ತಾ, "ಇದೊಂದು ವರ್ಷ ಇತ್ತು ನಂಗೆ" ಎಂದಳು. ನಾನು ನೆಲ ನೋಡಿಕೊಂಡು ನಿಂತೆ. ನೆಲ ನೋಡುವುದೇ ನನ್ನ ಕಸುಬು, ಆದರೂ ಅಷ್ಟು ಹೊತ್ತು ಹಾಗೆ ನೋಡಿದ್ದಿಲ್ಲ.

ಆ ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದೆ. ನೆಲದ ವಿಷಯ, ಗೆರೆಯ ವಿಷಯ, ಜರ್ಸಿ ಯಾರದೆಂಬ ವಿಷಯ. ಅವಳು ಜರ್ಸಿಯನ್ನು ಮಡಿಸಿ ಮಂಚದ ಮೇಲಿಟ್ಟಳು. ಅತ್ತರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ. "ನನ್ನ ಯಾರೂ ಯಾವತ್ತೂ ಆರಿಸಿರ್ಲಿಲ್ಲ ಅಪ್ಪಾ" ಎಂದಳು. ಆಮೇಲೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಅವಳ ತಾಯಿಯೂ ಸರಿಯಾಗಿ ಮಾತಾಡಲಿಲ್ಲ. "ನೀವು ಊರಿನ ಗೆರೆಯೆಲ್ಲ ಸರಿ ಮಾಡೋಕೆ ಹುಟ್ಟಿದ್ದೀರಾ?" ಎಂದು ಒಂದೇ ಸಲ ಕೇಳಿ, ತಟ್ಟೆಯನ್ನು ಜೋರಾಗಿ ಇಟ್ಟಳು. ಮಾನ್ಯರೇ, ಮಗಳ ಜೀವನದಲ್ಲಿ ಮೊದಲ ಸಲ ಬಂದ ಸಂತೋಷವನ್ನು ಅಪ್ಪನ ಕೈಯಿಂದಲೇ ಕಸಿಯುವಂತೆ ಮಾಡಿದ್ದೀರಿ. ಬುಗುರಿಗೆ ಮಾಡಿದ್ದು ಒಂದು ಅನ್ಯಾಯ. ನನ್ನ ಮಗಳಿಗೆ ಮಾಡಿದ್ದು ಇನ್ನೊಂದು. ಅವಳಿಗೆ ಜಾಗ ಕೊಟ್ಟು ಉಪಕಾರ ಮಾಡಿದೆವೆಂದು ತಾವು ತಿಳಿದಿದ್ದರೆ, ದಯವಿಟ್ಟು ತಿದ್ದಿಕೊಳ್ಳಿ. ತಾವು ಅವಳ ಮುಖವನ್ನೇ ನೋಡಿಲ್ಲ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಈ ಪಟ್ಟಿಯನ್ನು ಇವತ್ತೇ ತೆಗೆಯಿರಿ. ಶುಕ್ರವಾರ ಸಂಜೆ ನಾಲ್ಕಕ್ಕೆ ಅಂಕಣದಲ್ಲಿ ಬಹಿರಂಗ ಆಯ್ಕೆ ಇಡಿ. ಯಾರು ಬೇಕಾದರೂ ಬರಲಿ, ಎಷ್ಟು ಎತ್ತರವಾದರೂ ಇರಲಿ. ಪಿ.ಟಿ. ಮೇಡಂ ಮನೆಗೆ ಹೋಗಿ ಕೇಳಿ ಬಂದಿದ್ದೇನೆ. ಕಾಲೇಜಿನಿಂದ ಎರಡು ಸಾಲಿನ ಕರೆ ಬಂದರೆ ಬಂದು ಆರಿಸಿಕೊಡುತ್ತೇನೆ ಎಂದಿದ್ದಾರೆ. ಎರಡು ಸಾಲು ಬರೆಯಿರಿ, ಅದಕ್ಕೆ ಫೈಲ್ ಬೇಕಿಲ್ಲ. ತಾವೂ ಬಂದು ಕೂರಬೇಕು. ವಹಿಯನ್ನು ಬೀರುವಿನಲ್ಲೇ ಬಿಟ್ಟು ಬನ್ನಿ. ಶನಿವಾರ ಮಧ್ಯಾಹ್ನಕ್ಕೆ ಮುಂಚೆ ಹೊಸ ಪಟ್ಟಿ ಹೊರಡಲು ಬೇಕಾದಷ್ಟು ಸಮಯವಿದೆ. ಆಗದು ಎಂದರೆ ಆಗದು ಎಂದು ಬರೆದು, ಸಹಿ ಹಾಕಿ, ಅದೇ ನೋಟಿಸ್ ಬೋರ್ಡಿಗೆ ಅಂಟಿಸಿ. ಊರು ಓದಲಿ.

ಇದರ ಜೊತೆಗೆ "ನನ್ನ ಮಗಳ ಹೆಸರನ್ನು ಹೊಡೆದು ಹಾಕಿ, ತಂದೆಯಾಗಿ ಇದೇ ನನ್ನ ಒಪ್ಪಿಗೆ" ಎಂದೂ ಬರೆದಿದ್ದೆ. ಈ ದಿನ ಬೆಳಿಗ್ಗೆ ಮಗಳು ಕರಡನ್ನು ಕೇಳಿ ತೆಗೆದುಕೊಂಡು, ನಿಂತಲ್ಲೇ ಪೂರ್ತಿ ಓದಿದಳು. ಓದಿ, ಆ ಒಂದು ಸಾಲಿನ ಮೇಲೆ ಪೆನ್ನು ಎಳೆದಳು.

"ಇದು ಬೇಡ."

"ಯಾಕಮ್ಮಾ? ನಿಂಗೆ ಆಟ ಬರಲ್ಲ ಅಂತ ನಿಂಗೂ ಗೊತ್ತು."

"ಗೊತ್ತು. ಶುಕ್ರವಾರ ನಾನೂ ಹೋಗ್ತೀನಿ. ಆ ಅಕ್ಕ ಆಡ್ಲಿ, ನಾನೂ ಆಡ್ತೀನಿ. ಬರಲ್ಲ ಅಂತ ಅವರೇ ನೋಡ್ಲಿ. ನನ್ನ ನೋಡ್ದೆ ಹಾಕಿದ್ರು, ನೋಡ್ದೆ ತೆಗೀಬಾರ್ದು."

ಕಾಗದವನ್ನು ನನ್ನ ಕೈಗಿಟ್ಟು ಕಾಲೇಜಿಗೆ ಹೊರಟಳು. ಬನ್ನಿ, ಮಾನ್ಯರೇ. ಶುಕ್ರವಾರ ನಾಲ್ಕಕ್ಕೆ. ಒಂದು ಸಲ ನೋಡಿ.

ಇಂತಿ,
ಮಗಳು ಸೋಲುವುದನ್ನು ನೋಡಲು ಅರ್ಧ ದಿನ ಕೆಲಸ ಬಿಟ್ಟು ಬರಲಿರುವ
ಒಬ್ಬ ಟೈಲ್ಸ್ ಕೆಲಸದವನು